ಆರನೇ ಗೇರ್ ಹಾಕುವ ಮುನ್ನ ಹಿಂದಿನ ಡಿಫರೆನ್ಷಿಯಲ್ ನೋಡಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಗೇರ್‌ಬಾಕ್ಸ್ ಬದಲಾಯಿಸುವ ಪ್ರಶ್ನೆಗಳೇ ಜಾಸ್ತಿ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಅಲ್ಲಿ ಹಾಕಿದ ಲೆಕ್ಕ ಉಳಿದವರಿಗೂ ಬೇಕಾಗುತ್ತದೆ, ಹಾಗಾಗಿ ಅದನ್ನು ದಾಟಿಸಿ ಮುಂದೆ ಹೋಗಬೇಡಿ.

ಪ್ರಶ್ನೆ: ನಮಸ್ಕಾರ ಸರ್. ನನ್ನದು ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನ ಕಾರು. 1.6 ಲೀಟರ್ ಎಂಜಿನ್, ಐದು ಗೇರ್. ನೂರರ ವೇಗದಲ್ಲಿ ಹೋಗುವಾಗ ಎಂಜಿನ್ ಮೂರು ಸಾವಿರದ ಮೇಲೆ ತಿರುಗುತ್ತಿರುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕಾದರೆ ಗಂಟಲು ಏರಿಸಬೇಕು. ಕೈ ತಾನಾಗಿಯೇ ಇನ್ನೊಂದು ಗೇರ್ ಹುಡುಕುತ್ತದೆ. ಎರಡನೇ ತಲೆಮಾರಿನ 1.8 ಲೀಟರ್ ಕಾರಿನ ಆರು ಗೇರಿನ ಬಾಕ್ಸ್ ಒಂದು ಸಿಗುವಂತಿದೆ. ಅದು ನನ್ನ ಕಾರಿಗೆ ಕೂರುತ್ತಾ? ಕೂತರೆ ಈ ಗಲಾಟೆ ಕಡಿಮೆ ಆಗುತ್ತಾ?

ಉತ್ತರ: ಕೂರುತ್ತದೆ. 1.6, 1.8 ಎರಡೂ ಮಜ್ದಾದ ಬಿ ಸರಣಿಯ ಎಂಜಿನ್‌ಗಳು. ಬ್ಲಾಕಿನ ಹಿಂಬದಿಯ ಬೋಲ್ಟ್ ತೂತುಗಳು ಒಂದಕ್ಕೊಂದು ಹೊಂದುತ್ತವೆ. ಆದರೆ ಬಾಕ್ಸ್ ಒಂದನ್ನೇ ಬದಲಾಯಿಸಿದರೆ ಗಲಾಟೆ ಕಡಿಮೆ ಆಗುವುದಿಲ್ಲ. ಇನ್ನೂ ಸ್ವಲ್ಪ ಏರುತ್ತದೆ.

ಒಂದು ಪೆನ್ನು, ಕಾಗದ ತಗೊಳ್ಳಿ. ನಿಮ್ಮ ಐದು ಗೇರಿನ ಬಾಕ್ಸಿನಲ್ಲಿ ಅನುಪಾತಗಳು, ಅಂದರೆ ಬಾಕ್ಸಿನ ಹಿಂದಿನ ತುದಿ ಒಂದು ಸುತ್ತು ಹೋಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ, ಹೀಗಿವೆ: 3.136, 1.888, 1.330, 1.000, 0.814. ಆರು ಗೇರಿನದರಲ್ಲಿ 3.760, 2.269, 1.645, 1.257, 1.000, 0.843. ಕೊನೆಯ ಅಂಕಿಗಳನ್ನು ಮಾತ್ರ ನೋಡಿ. ನಿಮ್ಮ ಈಗಿನ ಐದನೇ ಗೇರ್ 0.814. ಹೊಸ ಬಾಕ್ಸಿನ ಆರನೇ ಗೇರ್ 0.843. ಅಂದರೆ ನೀವು ಆಸೆಪಟ್ಟ ಆರನೇ ಗೇರ್, ನಿಮ್ಮ ಹತ್ತಿರ ಈಗಾಗಲೇ ಇರುವ ಐದನೆಯದಕ್ಕಿಂತ ಗಿಡ್ಡ, ಅಂದರೆ ಅದೇ ವೇಗಕ್ಕೆ ಎಂಜಿನ್ ಇನ್ನೂ ಹೆಚ್ಚು ತಿರುಗಬೇಕು.

ಆದರೂ ಬಾಕ್ಸಿನ ಅಂಕಿ ಅರ್ಧ ಕತೆ ಮಾತ್ರ. ಗೇರ್‌ಬಾಕ್ಸಿನಿಂದ ಹೊರಟ ತಿರುಗುವಿಕೆ ಹಿಂದಿನ ಡಿಫರೆನ್ಷಿಯಲ್‌ನ (ಎರಡು ಹಿಂದಿನ ಚಕ್ರಗಳ ನಡುವಿನ ಗೇರ್ ಗೂಡು) ಕ್ರೌನ್ ಮತ್ತು ಪಿನಿಯನ್ ಎಂಬ ದೊಡ್ಡ, ಚಿಕ್ಕ ಹಲ್ಲುಚಕ್ರಗಳನ್ನು ದಾಟಿಯೇ ಚಕ್ರಕ್ಕೆ ಹೋಗುವುದು. ಮೊದಲ 1.6 ಕಾರುಗಳಲ್ಲಿ ಅದು 4.3, ಅಂದರೆ ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 10. ಎಂಜಿನ್ ಎಷ್ಟು ತಿರುಗಬೇಕು ಅನ್ನುವುದನ್ನು ಈ ಎರಡರ ಗುಣಾಕಾರ ಹೇಳುತ್ತದೆ. ನಿಮ್ಮ ಟಾಪ್ ಗೇರಿನಲ್ಲಿ 0.814 ಗುಣಿಸು 4.3, ಅಂದರೆ 3.50. ಚಕ್ರ ಒಂದು ಸುತ್ತು ಹೋದರೆ ಎಂಜಿನ್ ಮೂರೂವರೆ ಸುತ್ತು. 185/60 ಆರ್14 ಟೈರಿನ ಲೆಕ್ಕದಲ್ಲಿ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು, ಅಂದರೆ 3200 ಆರ್‌ಪಿಎಂ. ಆರು ಗೇರಿನ ಬಾಕ್ಸ್ ಹಾಕಿ ಹಿಂದೆ 4.3 ಹಾಗೇ ಬಿಟ್ಟರೆ ಗುಣಾಕಾರ 3.62 ಆಗುತ್ತದೆ. ಅದೇ ನೂರರ ವೇಗಕ್ಕೆ ಸುಮಾರು 3330. ಬಾಕ್ಸ್ ಇಳಿಸಿ, ಏರಿಸಿ, ಕೈಯೆಲ್ಲ ಗ್ರೀಸ್ ಮಾಡಿಕೊಂಡು ಸಿಕ್ಕಿದ್ದು ನೂರು ಆರ್‌ಪಿಎಂ ಜಾಸ್ತಿ.

ಕೆಳಗಿನ ಗೇರುಗಳಲ್ಲಿ ಇನ್ನೂ ಕಿರಿಕಿರಿ. ಮೊದಲ ಗೇರಿನ ಗುಣಾಕಾರ ಈಗ 13.5 ಇದೆ. ಹೊಸ ಬಾಕ್ಸಿನಲ್ಲಿ ಅದು 16.2 ಆಗುತ್ತದೆ. 6500 ಆರ್‌ಪಿಎಂವರೆಗೆ ಎಳೆದರೂ ಮೊದಲ ಗೇರ್ 44 ಕಿ.ಮೀ. ಹತ್ತಿರ ಮುಗಿದುಹೋಗುತ್ತದೆ. ಈಗ ಅದು 52ರವರೆಗೆ ಹೋಗುತ್ತಿದೆ. ಸಿಗ್ನಲ್ ಬಿಟ್ಟ ತಕ್ಷಣ, ಕಾರು ಪೂರ್ತಿ ಚಲಿಸುವ ಮೊದಲೇ ಎರಡನೆಯದಕ್ಕೆ ಕೈ ಹಾಕಬೇಕು. ಹೀಗೆ ಮಾಡಿದ ಕಾರುಗಳನ್ನು ಓಡಿಸಿ ನೋಡಿದ್ದೇನೆ. ಬಾಕ್ಸ್ ಚೆನ್ನಾಗಿತ್ತು, ಕೆಲಸ ಅಚ್ಚುಕಟ್ಟಾಗಿತ್ತು, ಆದರೂ ಓಡಿಸುವವರಿಗೆ ಸುಮ್ನೆ ದಣಿವು.

ಈಗ ಹಿಂದಿನ ಡಿಫರೆನ್ಷಿಯಲ್ಲನ್ನೂ ಬದಲಾಯಿಸೋಣ. ಆರು ಗೇರಿನ 1.8 ಕಾರುಗಳಲ್ಲಿ 3.909 ಅಥವಾ 3.636 ಬರುತ್ತಿತ್ತು. 3.636 ಹಾಕಿದರೆ ಏನಾಗುತ್ತದೆ ನೋಡಿ. ಹೊಸ ಗುಣಾಕಾರಗಳು ಕ್ರಮವಾಗಿ 13.7, 8.25, 5.98, 4.57, 3.64, 3.07. ನಿಮ್ಮ ಹಳೆಯವು 13.5, 8.12, 5.72, 4.30, 3.50. ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಮೊದಲ ಐದು ಗೇರುಗಳು ಹೆಚ್ಚುಕಡಿಮೆ ಅಲ್ಲೇ ಇವೆ, ಅಲ್ವಾ? ನಿಮ್ಮ ಕೈಗೆ ಅಭ್ಯಾಸವಾದ ಕಾರು ಹಾಗೇ ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಗೇರ್ ಬಂದು ಕೂರುತ್ತದೆ. ನೂರರ ವೇಗದಲ್ಲಿ 3200 ಇದ್ದದ್ದು 2800ಕ್ಕೆ ಇಳಿಯುತ್ತದೆ. ನೀವು ಕೇಳಿದ್ದು ಇದನ್ನೇ. ನನಗೆ ಈ ಜೋಡಣೆ ಯಾವತ್ತೂ ತುಂಬಾ ಇಷ್ಟ.

3.636 ಸಿಗದೆ 3.909 ಸಿಕ್ಕಿದರೂ ಬೇಸರ ಬೇಡ. ಆಗ ಟಾಪ್ ಗೇರಿನಲ್ಲಿ ಸುಮಾರು 3030 ಆರ್‌ಪಿಎಂ. ಇಳಿಕೆ ಕಡಿಮೆ, ಆದರೆ ಎಲ್ಲ ಗೇರಿನಲ್ಲೂ ಎಳೆತ ಸ್ವಲ್ಪ ಹೆಚ್ಚು. ನಿಮ್ಮ 1.6 ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 136 ನ್ಯೂಟನ್ ಮೀಟರ್, ಅದೂ 5500 ಆರ್‌ಪಿಎಂನಲ್ಲಿ. ಈ ಬಾಕ್ಸ್ ಬಂದ 1.8 ಎಂಜಿನ್ನಿನಲ್ಲಿ 160ರ ಮೇಲಿತ್ತು. ಆ ವ್ಯತ್ಯಾಸ ಏರುದಾರಿಯಲ್ಲಿ ಗೊತ್ತಾಗುತ್ತದೆ. ನಿಮ್ಮ ಓಡಾಟ ಘಾಟಿ ರಸ್ತೆಯಲ್ಲೇ ಜಾಸ್ತಿ ಇದ್ದರೆ 3.909 ತಗೊಳ್ಳಿ. ಸಮತಟ್ಟು ಹೆದ್ದಾರಿಯಾದರೆ 3.636. ಏರು ಬಂದಾಗ ಐದಕ್ಕೆ ಇಳಿಸಿದರಾಯಿತು. 3.636ರ ಜೊತೆ ಆ ಐದನೆಯದು ಹೆಚ್ಚುಕಡಿಮೆ ನಿಮ್ಮ ಹಳೆಯ ಟಾಪ್ ಗೇರೇ.

ಒಂದು ತೊಡಕಿದೆ. ಮೊದಲ 1.6 ಕಾರುಗಳ ಡಿಫರೆನ್ಷಿಯಲ್ ಚಿಕ್ಕದು, ಕ್ರೌನ್ ಆರು ಇಂಚಿನದು. 3.909, 3.636 ಎರಡೂ ಬರುವುದು 1.8ರ ಏಳು ಇಂಚಿನ ಡಿಫರೆನ್ಷಿಯಲ್‌ನಲ್ಲಿ. ನಿಮ್ಮ ಹಳೆಯ ಗೂಡಿನೊಳಗೆ ಬರೀ ಕ್ರೌನ್ ಪಿನಿಯನ್ ಬದಲಾಯಿಸಲು ಆಗುವುದಿಲ್ಲ. ಡಿಫರೆನ್ಷಿಯಲ್ ಪೂರ್ತಿ, ಎರಡೂ ಬದಿಯ ಆಕ್ಸಲ್ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಬೇಕು. ಹಾಗಾಗಿ ಬಾಕ್ಸ್ ಮಾರುವವರ ಹತ್ತಿರ ಅದೇ ಕಾರಿನ ಹಿಂಭಾಗವೂ ಇದೆಯಾ ಅಂತ ಇವತ್ತೇ ಕೇಳಿ. ಎಲ್ಲವನ್ನೂ ಒಂದೇ ಕಾರಿನಿಂದ ತೆಗೆಸಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಡಿಫರೆನ್ಷಿಯಲ್ ಸಿಗದಿದ್ದರೆ ಬಾಕ್ಸ್ ಕೊಳ್ಳಬೇಡಿ. ಐದು ಗೇರಿನ ಬಾಕ್ಸ್ ಒಳ್ಳೆಯದು, ನಿಮ್ಮ ಎಂಜಿನ್ನಿಗೆ ಸಾಕಾಗುವಷ್ಟು ಗಟ್ಟಿ. ಅದನ್ನೇ ಇಟ್ಟುಕೊಂಡು ಎಂದಾದರೂ 3.909 ಡಿಫರೆನ್ಷಿಯಲ್ ಮಾತ್ರ ಸಿಕ್ಕಿದರೆ ಹಾಕಿಸಿ. ಆಗ ಟಾಪ್ ಗೇರಿನ ಗುಣಾಕಾರ 3.18, ನೂರರ ವೇಗಕ್ಕೆ ಸುಮಾರು 2920 ಆರ್‌ಪಿಎಂ. ಗೇರ್‌ಬಾಕ್ಸ್ ಮುಟ್ಟದೆಯೇ ಸುಮಾರು 300 ಇಳಿಯಿತು.

ಪ್ರಶ್ನೆ: ಇಂಥದ್ದೇ ಕೆಲಸ ಶುರು ಮಾಡಿದ್ದೇನೆ ಸರ್. ಆರು ಗೇರಿನ ಬಾಕ್ಸ್ ಮನೆಗೆ ಬಂದಿದೆ, ಡಿಫರೆನ್ಷಿಯಲ್ ಕೂಡ ಬಂದಿದೆ. ಕ್ಲಚ್ ಯಾವುದು ಹಾಕಬೇಕು, ನನ್ನದೋ ದೊಡ್ಡ ಎಂಜಿನ್ನಿನದೋ? ಜೋಡಿಸುವಾಗ ಏನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮದೂ 1.6 ಎಂಎಕ್ಸ್-5 ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಹಳೆಯ ಕ್ಲಚ್ ಪ್ಲೇಟ್ 200 ಮಿಲಿಮೀಟರ್, 1.8ರದ್ದು 215. ನಿಮ್ಮ ಎಂಜಿನ್ನಿನ ಶಕ್ತಿಗೆ 200 ಸಾಕು. ಆದರೂ ನಾನಾದರೆ 1.8ರ ಫ್ಲೈವೀಲ್, ಪ್ರೆಶರ್ ಪ್ಲೇಟ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ನಾಲ್ಕನ್ನೂ ಒಂದೇ ಸೆಟ್ ಆಗಿ ಹಾಕುತ್ತೇನೆ. ಆ ಫ್ಲೈವೀಲ್ 1.6ರ ಕ್ರ್ಯಾಂಕಿಗೂ ಕೂರುತ್ತದೆ. ಒಂದು ಇಲ್ಲಿಂದ, ಒಂದು ಅಲ್ಲಿಂದ ತಂದು ಸೇರಿಸಿದ ಕ್ಲಚ್ಚಿನಲ್ಲಿ ಪೆಡಲ್ ಎತ್ತರ ಸರಿಬರದೆ ಮತ್ತೆ ಬಾಕ್ಸ್ ಇಳಿಸಿದವರನ್ನು ನೋಡಿದ್ದೇನೆ.

ಬಾಕ್ಸ್ ಏರಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದು ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ಜಾರಿಸಿ ನೋಡಿ. ಹಲ್ಲುಗಳು ಹೊಂದಿದರೆ ಅದು ಯಾವ ಬಲವೂ ಬೇಡದೆ ಒಳಗೆ ಹೋಗುತ್ತದೆ, ಹಾಗೇ ಹಿಂದೆ ಬರುತ್ತದೆ. ಎಲ್ಲಾದರೂ ಹಿಡಿದರೆ ಅಲ್ಲೇ ನಿಲ್ಲಿಸಿ, ಕಾರಣ ಹುಡುಕಿ. ಕ್ರ್ಯಾಂಕಿನ ನಡುವೆ ಇರುವ ಪೈಲಟ್ ಬೇರಿಂಗನ್ನೂ ಶಾಫ್ಟಿನ ತುದಿಗೆ ಹಾಕಿ ನೋಡಿ. ಹಳೆಯದಾಗಿದ್ದರೆ ಹೊಸದು ಹಾಕಿ. ಚಿಕ್ಕ ಸಾಮಾನು, ಆದರೆ ಅದು ಕೂಗಲು ಶುರು ಮಾಡಿದರೆ ಮತ್ತೆ ಪೂರ್ತಿ ಬಾಕ್ಸ್ ಇಳಿಸಬೇಕು.

ಏರಿಸುವಾಗ ಒಬ್ಬರೇ ಬೇಡ. ಗೇರ್‌ಬಾಕ್ಸ್ ಜಾಕ್ ಇಲ್ಲದೆ ಎದೆಯ ಮೇಲೆ ಇಟ್ಟುಕೊಂಡು ತಳ್ಳುವ ಪದ್ಧತಿ ದಯವಿಟ್ಟು ಬಿಡಿ. ಕಾರು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಶಾಫ್ಟ್ ಕ್ಲಚ್ಚಿನೊಳಗೆ ಹೋದ ಮೇಲೆ ಬಾಕ್ಸಿನ ಭಾರವನ್ನು ಅದರ ಮೇಲೆ ನೇತಾಡಲು ಬಿಡಬೇಡಿ. ಪ್ಲೇಟಿನ ನಡುಭಾಗ ಬಾಗುತ್ತದೆ. ಆಮೇಲೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ. ಬಾಕ್ಸಿನ ಬಾಯಿ ಎಂಜಿನ್ನಿಗೆ ಕೈಬಲದಲ್ಲೇ ಪೂರ್ತಿ ಮುಚ್ಚಿಕೊಳ್ಳಬೇಕು. ಬೆರಳು ತೂರುವಷ್ಟು ಸಂದು ಉಳಿಯಿತು ಅಂದರೆ ಒಳಗೆ ಏನೋ ಹೊಂದಿಲ್ಲ. ಆಗ ಬೋಲ್ಟ್ ಹಾಕಿ ಸ್ಪಾನರಿನಿಂದ ಎಳೆದು ಮುಚ್ಚಿಸಲು ಹೋದರೆ ಬೆಲ್ ಹೌಸಿಂಗಿನ (ಬಾಕ್ಸಿನ ಗಂಟೆಯಾಕಾರದ ಬಾಯಿ) ಕಿವಿ ಒಡೆಯುತ್ತದೆ. ಹಿಂದೆ ಎಳೆದು, ಕ್ರ್ಯಾಂಕನ್ನು ಚೂರು ತಿರುಗಿಸಿ, ಮತ್ತೆ ಪ್ರಯತ್ನಿಸಿ. ಎರಡು ಡೋವೆಲ್ ಪಿನ್‌ಗಳು ತಮ್ಮ ಜಾಗದಲ್ಲಿ ಇರಲೇಬೇಕು. ಎಂಜಿನ್ನಿನ ನಡುವನ್ನೂ ಬಾಕ್ಸಿನ ನಡುವನ್ನೂ ಒಂದೇ ಸಾಲಿಗೆ ತರುವುದು ಬೋಲ್ಟುಗಳಲ್ಲ, ಆ ಪಿನ್‌ಗಳು.

ಈ ಕಾರಿನಲ್ಲಿ ಬಾಕ್ಸಿನ ಕೆಳಗೆ ಬೇರೆ ಕಾರುಗಳಂತೆ ಅಡ್ಡ ಮೌಂಟ್ ಇರುವುದಿಲ್ಲ. ಬಾಕ್ಸಿನ ಹಿಂಭಾಗವನ್ನು ಡಿಫರೆನ್ಷಿಯಲ್‌ಗೆ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಪವರ್ ಪ್ಲಾಂಟ್ ಫ್ರೇಮೇ ಅದನ್ನು ಹಿಡಿದಿರುತ್ತದೆ. ಫ್ರೇಮ್ ಕೂಡ ಬಾಕ್ಸ್ ಬಂದ ಕಾರಿನದೇ ಇರಲಿ. ಬಿಗಿಯುವ ಮೊದಲು ಬಾಕ್ಸಿನ ಎತ್ತರವನ್ನು ವರ್ಕ್‌ಶಾಪ್ ಕೈಪಿಡಿಯಲ್ಲಿ ಹೇಳಿದಂತೆ ಅಳೆದು ಸರಿಮಾಡಿ. ಅಳೆಯದೆ ಬಿಗಿದರೆ ಗೇರ್ ಲಿವರಿನಲ್ಲಿ ನಡುಕ ಬರುತ್ತದೆ. ಬಹಳ ಜನ ಆ ನಡುಕಕ್ಕೆ ಬಾಕ್ಸನ್ನೇ ಬೈಯುತ್ತಾರೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಸ್ಪೀಡೋಮೀಟರಿಗೆ ಲೆಕ್ಕ ಹೋಗುವುದು ಬಾಕ್ಸಿನ ಹಿಂಭಾಗದಿಂದ. ಡಿಫರೆನ್ಷಿಯಲ್ 4.3ರಿಂದ 3.636ಕ್ಕೆ ಬದಲಾಗಿ, ಸ್ಪೀಡೋ ಗೇರಿನ ಹಲ್ಲು ಹಾಗೇ ಉಳಿದರೆ, ಕಾರು ನಿಜವಾಗಿ ನೂರರಲ್ಲಿ ಹೋಗುವಾಗ ಮುಳ್ಳು 85 ತೋರಿಸುತ್ತದೆ. ಇದು ಅಪಾಯ. ಆ ಚಿಕ್ಕ ಪ್ಲಾಸ್ಟಿಕ್ ಗೇರನ್ನು ಹಲ್ಲಿನ ಲೆಕ್ಕ ನೋಡಿ ಬದಲಾಯಿಸಿ. ಕೆಲಸ ಮುಗಿದ ಮೇಲೆ ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ, ಆಗ ಪಕ್ಕದಲ್ಲಿ ಇನ್ನೊಬ್ಬರು ಕೂತಿರಲಿ.

ಪ್ರಶ್ನೆ: ನನ್ನದು ಮುಂದಿನ ಚಕ್ರ ಎಳೆಯುವ ಚಿಕ್ಕ ಹ್ಯಾಚ್‌ಬ್ಯಾಕ್, ಟರ್ಬೋ ಇಲ್ಲದ 1.2 ಪೆಟ್ರೋಲ್. ಅದೇ ಕಂಪನಿಯ ಡೀಸೆಲ್ ಕಾರಿನಲ್ಲಿ ಆರು ಗೇರ್ ಬರುತ್ತದೆ. ಬೋಲ್ಟ್ ತೂತುಗಳು ಹೊಂದುತ್ತವೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮೈಲೇಜ್ ಹೆಚ್ಚಾಗುತ್ತದೆ ಅಂತಲೂ ಹೇಳುತ್ತಾರೆ. ಹಾಕಿಸಲಾ?

ಉತ್ತರ: ಬೇಡ.

ಕಾರಣ ಹೇಳುತ್ತೇನೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ. ಮೇಲಿನ ಓದುಗರ ಹಾಗೆ ಹಿಂದೆ ಇನ್ನೊಂದು ತಂದು ಹಾಕಿ ಲೆಕ್ಕ ಸರಿಮಾಡಲು ದಾರಿ ಇಲ್ಲ. ಬಾಕ್ಸ್ ಬಿಚ್ಚಿ ಒಳಗಿನ ಫೈನಲ್ ಗೇರ್ ಬದಲಾಯಿಸಬೇಕು, ಅದಕ್ಕೆ ಹೊಂದುವ ಹಲ್ಲಿನ ಜೋಡಿ ಸಿಗುವುದೂ ಕಷ್ಟ. ಡೀಸೆಲ್ ಎಂಜಿನ್ ಸಾಮಾನ್ಯವಾಗಿ 4500 ಆಸುಪಾಸಿನಲ್ಲಿ ಮುಗಿಯುತ್ತದೆ, ಆದರೆ ಕೆಳಗಿನ ಆರ್‌ಪಿಎಂನಲ್ಲೇ ದೊಡ್ಡ ಟಾರ್ಕ್ ಕೊಡುತ್ತದೆ. ಹಾಗಾಗಿ ಅದರ ಬಾಕ್ಸನ್ನು ಉದ್ದದ ಅನುಪಾತಕ್ಕೆ ಮಾಡಿರುತ್ತಾರೆ. ನೂರರ ವೇಗದಲ್ಲಿ ಆರನೇ ಗೇರ್ ಅಂದರೆ 2000 ಆರ್‌ಪಿಎಂ ಆಸುಪಾಸು.

ನಿಮ್ಮ 1.2 ಪೆಟ್ರೋಲ್ 2000ದಲ್ಲಿ ಏನು ಕೊಡುತ್ತದೆ? ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಸುಮಾರು 95 ನ್ಯೂಟನ್ ಮೀಟರ್, ಅಂದರೆ 20 ಕಿಲೋವ್ಯಾಟ್ ಶಕ್ತಿ. ಚಿಕ್ಕ ಕಾರು ಸಮತಟ್ಟಿನಲ್ಲಿ ನೂರರಲ್ಲಿ ಹೋಗಲು ಸುಮಾರು 13 ಕಿಲೋವ್ಯಾಟ್ ಬೇಕು. ನಡೆಯುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆ ಬಂತು ಅಂದುಕೊಳ್ಳಿ. ಸಾವಿರ ಕಿಲೋ ತೂಕವನ್ನು ಅದೇ ವೇಗದಲ್ಲಿ ಮೇಲೆತ್ತಲು ಇನ್ನೂ 13, 14 ಕಿಲೋವ್ಯಾಟ್ ಬೇಕು. ಒಟ್ಟು 27. ನಿಮ್ಮ ಹತ್ತಿರ ಇರುವುದು 20. ಆರನೇ ಗೇರ್ ಅಲ್ಲಿಗೆ ಮುಗಿಯಿತು, ಐದೂ ಸಾಲದೆ ಹೋಗಬಹುದು. ಎದುರುಗಾಳಿಗೂ ಹೀಗೇ. ಪೂರ್ತಿ ಜನ ಕೂತಾಗ ಕಾರು ಹೊರಡಿಸಲು ಉದ್ದನೆಯ ಮೊದಲ ಗೇರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಒದ್ದಾಡಬೇಕಾಗುತ್ತದೆ, ಕ್ಲಚ್ ಬೇಗ ಸುಡುತ್ತದೆ.

ಮೈಲೇಜಿನ ಮಾತು ಅರ್ಧ ನಿಜ. ಅದೇ ವೇಗಕ್ಕೆ ಆರ್‌ಪಿಎಂ ಇಳಿದರೆ ಎಂಜಿನ್ನಿನ ಒಳಗಿನ ಘರ್ಷಣೆ ಕಡಿಮೆಯಾಗುತ್ತದೆ, ಗಾಳಿ ಎಳೆದುಕೊಳ್ಳುವ ನಷ್ಟವೂ ಕಡಿಮೆಯಾಗುತ್ತದೆ. ಆದರೆ ಹೆದ್ದಾರಿಯಲ್ಲಿ ಇಂಧನದ ದೊಡ್ಡ ಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. ಅದಕ್ಕೆ ನಿಮ್ಮ ಗೇರ್ ಎಷ್ಟನೆಯದು ಅನ್ನುವುದು ಗೊತ್ತಿಲ್ಲ. ವೇಗವನ್ನು ನೂರರಿಂದ ತೊಂಬತ್ತಕ್ಕೆ ಇಳಿಸಿದರೆ ಗಾಳಿಯ ತಡೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಅದಕ್ಕೆ ಸ್ಪಾನರ್ ಮುಟ್ಟಬೇಕಾಗಿಲ್ಲ. ನಗರದೊಳಗೆ ಓಡಿಸುವವರಿಗೆ ಆರನೇ ಗೇರ್ ಹಾಕುವ ಅವಕಾಶವೇ ಬರುವುದಿಲ್ಲ.

ನಿಮ್ಮ ಕಾರಿನದೇ ಕಂಪನಿ ಪೆಟ್ರೋಲ್ ಎಂಜಿನ್ನಿಗೆ ಅಂತಲೇ ಮಾಡಿದ ಆರು ಗೇರಿನ ಬಾಕ್ಸ್ ಇದ್ದರೆ ಮತ್ತೆ ಬರೆಯಿರಿ. ಅದರ ಆರೂ ಅನುಪಾತ, ಫೈನಲ್ ಅನುಪಾತ, ನಿಮ್ಮ ಟೈರ್ ಅಳತೆ ಮೂರನ್ನೂ ಬರೆದು ಕಳಿಸಿ. ಲೆಕ್ಕ ನಾನು ಹಾಕಿಕೊಡುತ್ತೇನೆ. ಜೊತೆಗೆ ಬಾಕ್ಸಿನ ಉದ್ದವನ್ನೂ ಅಳೆಯಿರಿ. ಅಡ್ಡ ಕೂತ ಎಂಜಿನ್ನಿನಲ್ಲಿ ಒಂದು ಗೇರ್ ಹೆಚ್ಚಾದರೆ ಬಾಕ್ಸ್ ಚಾಸಿಯ ಪಕ್ಕದ ಪಟ್ಟಿಗೆ ತಾಗುವುದುಂಟು.

ಪ್ರಶ್ನೆ: ಹಳೆಯ ಬಾಕ್ಸ್ ಕೊಳ್ಳುವಾಗ ಅದು ಚೆನ್ನಾಗಿದೆಯಾ, ಹೇಳಿದ ಮಾದರಿಯದೇನಾ ಅಂತ ತಿಳಿಯುವುದು ಹೇಗೆ? ಕಾರಿನಿಂದ ಬಿಚ್ಚಿ ನೆಲದ ಮೇಲೆ ಇಟ್ಟಿರುತ್ತಾರೆ, ಓಡಿಸಿ ನೋಡಲು ಆಗುವುದಿಲ್ಲ.

ಉತ್ತರ: ಒಂದು ಸೀಮೆಸುಣ್ಣ, ಒಂದು ಮ್ಯಾಗ್ನೆಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಮೊದಲು ಇನ್‌ಪುಟ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತುದಿಯಲ್ಲಿ ಸ್ವಲ್ಪ ಆಟ ಇರುವುದು ಸಹಜ, ಅಲ್ಲಿ ಪೈಲಟ್ ಬೇರಿಂಗಿನ ಆಸರೆ ಈಗ ಇಲ್ಲ. ಆದರೆ ಕಟ್ ಕಟ್ ಅಂತ ಸದ್ದು ಬಂದರೆ ಮುಂದಿನ ಬೇರಿಂಗ್ ಹೋಗಿದೆ. ಆಮೇಲೆ ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ನಿಧಾನಕ್ಕೆ ತಿರುಗಿಸಿ, ಇನ್ನೊಂದು ಅಂಗೈಯನ್ನು ಬಾಕ್ಸಿನ ಮೈಮೇಲೆ ಇಡಿ. ಚೆನ್ನಾಗಿರುವ ಬೇರಿಂಗ್ ಎಣ್ಣೆಯಲ್ಲಿ ಜಾರಿದ ಹಾಗೆ ತಿರುಗುತ್ತದೆ. ಕೆಟ್ಟದ್ದು ಅಂಗೈಗೆ ಮರಳಿನ ಹಾಗೆ ಗೊತ್ತಾಗುತ್ತದೆ. ಕಿವಿಗಿಂತ ಮೊದಲು ಕೈಗೇ ತಿಳಿಯುತ್ತದೆ.

ಮಾದರಿ ತಿಳಿಯಲು ಸೀಮೆಸುಣ್ಣ. ಇನ್‌ಪುಟ್ ಶಾಫ್ಟಿನ ಮೇಲೊಂದು ಗೆರೆ, ಹಿಂದಿನ ತುದಿಯಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಗೇರ್ ಹಾಕಿ. ಮೇಲೆ ಹೇಳಿದ ಆರು ಗೇರಿನ ಬಾಕ್ಸಾದರೆ ಮುಂದೆ 15 ಸುತ್ತು ತಿರುಗಿಸಿದಾಗ ಹಿಂದೆ 4 ಸುತ್ತು ಬರಬೇಕು. ಐದನೇ ಗೇರಿನಲ್ಲಿ ಒಂದಕ್ಕೆ ಒಂದು. ಎಲ್ಲ ಗೇರನ್ನೂ, ರಿವರ್ಸನ್ನೂ ಹೀಗೆ ಹಾಕಿ ತಿರುಗಿಸಿ. ಡಿಫರೆನ್ಷಿಯಲ್ಲಿಗೂ ಇದೇ ಉಪಾಯ. ಎರಡೂ ಬದಿಯನ್ನು ಒಟ್ಟಿಗೆ, ಒಂದೇ ದಿಕ್ಕಿಗೆ 11 ಸುತ್ತು ತಿರುಗಿಸಿ ಪಿನಿಯನ್ ಸುತ್ತು ಎಣಿಸಿ. 40 ಬಂದರೆ 3.636, 43 ಬಂದರೆ 3.909. 47 ದಾಟಿದರೆ ಅದು 4.3, ಅಲ್ಲಿಂದ ವಾಪಸ್ ಬನ್ನಿ. ಒಂದೇ ಬದಿ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.

ಕೊನೆಗೆ ಎಣ್ಣೆ. ಅವರು ಒಪ್ಪಿದರೆ ಡ್ರೇನ್ ಬೋಲ್ಟ್ ಬಿಚ್ಚಿಸಿ, ಬಂದ ಎಣ್ಣೆಯಲ್ಲಿ ಮ್ಯಾಗ್ನೆಟ್ ಆಡಿಸಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿಕೊಂಡರೆ ಪರವಾಗಿಲ್ಲ, ಓಡಿದ ಬಾಕ್ಸಿನಲ್ಲಿ ಅದು ಇದ್ದೇ ಇರುತ್ತದೆ. ಉಕ್ಕಿನ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ. ಮ್ಯಾಗ್ನೆಟ್ಟಿಗೆ ಅಂಟದ ಹಿತ್ತಾಳೆ ಬಣ್ಣದ ಮಿನುಗು ಜಾಸ್ತಿ ಇದ್ದರೆ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊ ರಿಂಗುಗಳು ಸವೆದಿವೆ.

ಪ್ರಶ್ನೆ: ಗೇರ್‌ಬಾಕ್ಸ್ ಬದಲಾಯಿಸಿದ ಮೇಲೆ ಬೆಳಗ್ಗೆ ಒಂದರಿಂದ ಎರಡಕ್ಕೆ ಹಾಕುವಾಗ ಬಿಗಿ ಅನಿಸುತ್ತದೆ. ಬಿಸಿಯಾದ ಮೇಲೆ ಸರಿಹೋಗುತ್ತದೆ. ಎಣ್ಣೆ ಬದಲಾಯಿಸಬೇಕಾ?

ಉತ್ತರ: ಹಾಕುವಾಗ ಕರಕರ ಸದ್ದಿಲ್ಲದೆ ಬರೀ ಬಿಗಿ ಇದ್ದರೆ ತಣ್ಣಗಿನ ಎಣ್ಣೆ ದಪ್ಪಗಿದೆ ಅಷ್ಟೇ. ಮೊದಲ ಕೆಲವು ನಿಮಿಷ ನಿಧಾನಕ್ಕೆ ಗೇರ್ ಹಾಕಿ, ಬಲ ಹಾಕಬೇಡಿ. ಹಳೆಯ ಬಾಕ್ಸಿನಲ್ಲಿ ಯಾವ ಎಣ್ಣೆ ಇತ್ತು ಗೊತ್ತಿಲ್ಲ ಅಂದರೆ ಬದಲಾಯಿಸುವುದೇ ಒಳ್ಳೆಯದು. ಕೈಪಿಡಿ ಹೇಳಿದ ದಪ್ಪದ್ದನ್ನೇ ಹಾಕಿ, ಹೆಚ್ಚಿನ ಇಂಥ ಬಾಕ್ಸುಗಳಿಗೆ 75ಡಬ್ಲ್ಯೂ-90. ಜಿಎಲ್-4, ಜಿಎಲ್-5 ಎಂಬ ಎರಡೂ ದರ್ಜೆಯ ಎಣ್ಣೆಗೆ ಕೈಪಿಡಿಯ ಒಪ್ಪಿಗೆ ಇದ್ದರೆ ನಾನು ಜಿಎಲ್-4 ತಗೊಳ್ಳುತ್ತೇನೆ. ಜಿಎಲ್-5ರಲ್ಲಿ ಹೆಚ್ಚಿಗೆ ಇರುವ ಗಂಧಕದ ಮಿಶ್ರಣ ಕೆಲವು ಎಣ್ಣೆಗಳಲ್ಲಿ ಹಿತ್ತಾಳೆಯ ಸಿಂಕ್ರೊಗಳಿಗೆ ಆಗಿಬರುವುದಿಲ್ಲ. ಕೆಲಸ ಶುರು ಮಾಡುವಾಗ ಎಣ್ಣೆ ತುಂಬುವ ಬೋಲ್ಟನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನದನ್ನು ಬಿಚ್ಚಿ. ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ ಖಾಲಿ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ.